ನೆಲಕ್ಕೆ ಕಾಲು ತಾಗದೆ ನಡೆದ ವೆಲ್ಡಾ

ವೆಲ್ಡಾ ಪ್ರೂಯಿಟ್‌ಗೆ ಮೂರು ತಿಂಗಳ ಕಾರ್ಡ್ ಕೊಟ್ಟವರು ಸಲೈನಾ ಪಟ್ಟಣದ ಡಾಕ್ಟರಮ್ಮ. ಅವಳಿಗೆ ಸಿಟ್ಟು ಬಂದದ್ದು ನನ್ನ ಮೇಲೆ. ಅದರಲ್ಲಿ ತಪ್ಪೇನೂ ಇಲ್ಲ.

ಟ್ರಕ್ ಓಡಿಸುವವರಿಗೆ ಲೈಸೆನ್ಸ್ ಒಂದೇ ಸಾಲದು. ಮೈ ನೆಟ್ಟಗಿದೆ ಎಂದು ಡಾಕ್ಟರು ಬರೆದುಕೊಡುವ ಕಾರ್ಡೂ ಜೇಬಿನಲ್ಲಿರಬೇಕು. ಗಟ್ಟಿಯಿರುವವರಿಗೆ ಎರಡು ವರ್ಷದ್ದು ಕೊಡುತ್ತಾರೆ. ಸ್ವಲ್ಪ ಅನುಮಾನವಿದ್ದರೆ ಒಂದು ವರ್ಷದ್ದು. ಕಾರ್ಡ್ ಮುಗಿದ ದಿನ ಚಕ್ರ ಉರುಳುವ ಹಾಗಿಲ್ಲ. ವೆಲ್ಡಾಳ ಮೂತ್ರದಲ್ಲಿ ಸಕ್ಕರೆ ಕಂಡಿತು. ರಕ್ತ ತೆಗೆದು ನೋಡಿದರು. ಆರರೊಳಗೆ ಇರಬೇಕಾದ ಮೂರು ತಿಂಗಳ ಸಕ್ಕರೆಯ ಸರಾಸರಿ ಹತ್ತೂವರೆ ದಾಟಿತ್ತು. ಒಂದು ಮಾತ್ರೆ ಬರೆದುಕೊಟ್ಟ ಡಾಕ್ಟರಮ್ಮ, ಮೂರು ತಿಂಗಳಲ್ಲಿ ಇದನ್ನು ಎಂಟಕ್ಕೆ ತಂದರೆ ಕಾರ್ಡ್ ಮುಂದುವರಿಸುತ್ತೇನೆ, ತರದಿದ್ದರೆ ಇಲ್ಲ, ಮಾತ್ರೆ ನುಂಗಿ ಕೂತರೆ ಇಳಿಯುವುದಿಲ್ಲ, ಊಟ, ನಡಿಗೆ, ನಿದ್ದೆ ಮೂರೂ ಬದಲಾಗಬೇಕು ಎಂದರಂತೆ.

ವೆಲ್ಡಾಗೆ ಆಗ ಐವತ್ತೆಂಟು. ಗೋಧಿ ಬೆಳೆಯುವವರ ಮಗಳು. ಹದಿನಾಲ್ಕು ವರ್ಷ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬಡಿಸಿದಳು. ಆಮೇಲೆ ಗಂಡ ಹಾಲಿಸ್ ಅವಳಿಗೆ ಟ್ರಕ್ ಕಲಿಸಿದ. ಇಬ್ಬರೂ ಸರದಿಯಲ್ಲಿ ಒಂದೇ ಟ್ರಕ್ ಓಡಿಸುತ್ತಿದ್ದರು. ಅವನು ಸತ್ತ ಮೇಲೂ ಅವಳು ಬಿಡಲಿಲ್ಲ. ಒಟ್ಟು ಇಪ್ಪತ್ತೊಂದು ವರ್ಷ. ಟ್ರೇಲರನ್ನು ಹಿಂದಕ್ಕೆ ಹಾಕುವುದರಲ್ಲಿ ನಮ್ಮ ಕಂಪನಿಯಲ್ಲಿ ಅವಳನ್ನು ಮೀರಿಸಿದವರು ಇರಲಿಲ್ಲ. ಆ ವಯಸ್ಸಿನಲ್ಲಿ, ಆ ನೋಯುವ ಮಂಡಿ ಇಟ್ಟುಕೊಂಡು, ಅವಳಿಗೆ ಬೇರೆ ಕೆಲಸ ಯಾರೂ ಕೊಡುತ್ತಿರಲಿಲ್ಲ. ಅವಳಿಗೆ ಬೇಕಾಗಿಯೂ ಇರಲಿಲ್ಲ.

ಕಾರ್ಡ್ ತೆಗೆದುಕೊಂಡು ಅವಳು ಕಂಪನಿಯ ಯಾರ್ಡಿಗೆ ಬಂದಾಗ ನಾನು ನನ್ನ ಟ್ರಕ್ಕಿನ ಟೈರಿಗೆ ಗಾಳಿ ನೋಡುತ್ತಿದ್ದೆ. ವಿಷಯ ಹೇಳಿದಳು. ನಾನು ನನಗೆ ಗೊತ್ತಿದ್ದದ್ದನ್ನು ಹೇಳಿದೆ. ಅದು ನಮ್ಮವರೆಲ್ಲರಿಗೂ ಗೊತ್ತಿರುವ ಉಪಾಯ. ಪರೀಕ್ಷೆಗೆ ಎರಡು ದಿನ ಮುಂಚೆ ಊಟ ಬಿಡುವುದು. ಬರೀ ನೀರು ಕುಡಿಯುವುದು, ಹೊಟ್ಟೆ ಬಿರಿಯುವಷ್ಟು. ಮೂತ್ರ ತಿಳಿಯಾಗುತ್ತದೆ, ಸಕ್ಕರೆ ಕಾಣುವುದಿಲ್ಲ. ರಕ್ತ ಕೇಳುವ ಡಾಕ್ಟರಾದರೆ ಅಲ್ಲಿಗೆ ಹೋಗಬಾರದು, ಪಕ್ಕದ ಕೌಂಟಿಯಲ್ಲಿ ಮೂತ್ರ ಮಾತ್ರ ನೋಡುವವನ ಹತ್ತಿರ ಹೋಗಬೇಕು. ನಾನು ಹನ್ನೊಂದು ವರ್ಷದಿಂದ ಹಾಗೆಯೇ ಕಾರ್ಡ್ ತೆಗೆದುಕೊಂಡವನು.

ಅವಳು ನನ್ನನ್ನೇ ನೋಡಿದಳು.

"ಹಾಲಿಸ್‌ಗೆ ಇದನ್ನ ಹೇಳ್ಕೊಟ್ಟಿದ್ದು ಯಾರು, ಲಾಯ್ಡ್?"

ನಾನು ಮುಂದಿನ ಟೈರಿಗೆ ಬಗ್ಗಿದೆ.

"ನೀನು ತಾನೆ?"

"ಹೌದು."

"ಒಂಬತ್ತು ವರ್ಷ ಪಾಸಾದ. ಪ್ರತಿ ಸಲ ಪಾಸಾಗಿ ಬಂದು ಎರಡು ತಟ್ಟೆ ಸಿಹಿ ಪೈ ತಿಂದ. ಆಮೇಲೆ ಬೆರಳು ಹೋಯ್ತು. ಪಾದ ಹೋಯ್ತು. ಕಿಡ್ನಿ ಹೋಯ್ತು. ರಕ್ತ ತೊಳೆಯೋ ಮಿಷನ್ನಿಗೆ ಹಾಕಿ ಮಲಗಿಸಿದ್ದಾಗ್ಲೂ ಅವನ ಜೇಬಲ್ಲಿ ಎರಡು ವರ್ಷದ ಕಾರ್ಡಿತ್ತು, ಮೈ ನೆಟ್ಟಗಿದೆ ಅಂತ. ಈಗ ನನಗೂ ಅದನ್ನೇ ಹೇಳ್ತೀಯಲ್ಲ, ನಿನಗೆ ನಾಲಿಗೆ ಹೇಗೆ ಬಂತು?"

ಗಾಳಿ ನೋಡುವ ಕೋಲು ನನ್ನ ಕೈಯಲ್ಲೇ ಇತ್ತು. ಅವಳು ತನ್ನ ಟ್ರಕ್ ಹತ್ತಿ ಹೋದಳು. ಹದಿನೈದು ದಿನ ನನ್ನೊಂದಿಗೆ ಮಾತಾಡಲಿಲ್ಲ.

ಆ ಹದಿನೈದು ದಿನದಲ್ಲಿ ಅವಳು ಮಾಡಿದ್ದೂ ತಪ್ಪೇ. ಹಗಲಿಡೀ ಏನೂ ತಿನ್ನದೆ ಓಡಿಸಿ, ಟ್ರಕ್ ನಿಲ್ಲಿಸಿದ ಮೇಲೆ ಒಂದೇ ಸಲ ತಿನ್ನುತ್ತಿದ್ದಳು. ತಿಂದು ಅಲ್ಲೇ ಮಲಗುತ್ತಿದ್ದಳು. ಬೆಳಿಗ್ಗೆ ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಇನ್ನೂ ಮೇಲೇ. ಒಂದು ದಿನ ಹೆದ್ದಾರಿಯಲ್ಲಿ ಕೈ ನಡುಗಿ ಟ್ರಕ್ಕನ್ನು ಪಕ್ಕಕ್ಕೆ ಹಾಕಿದಳಂತೆ. ಕ್ಲಿನಿಕ್ಕಿನ ನರ್ಸ್ ಫೋನಿನಲ್ಲಿ ಬೈದಳು. ಉಪವಾಸ ಮಾಡಿದರೆ ಮೈ ಪಳಗುವುದಿಲ್ಲ, ಹೊತ್ತಿಗೆ ಸರಿಯಾಗಿ ತಿನ್ನು, ತಿಂದ ಮೇಲೆ ಕೂರಬೇಡ, ಒಂದೇ ಹೊತ್ತಿಗೆ ಮಲಗು, ಪ್ರತಿ ಊಟದ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ಚುಚ್ಚಿ ಬರೆದಿಡು ಎಂದಳು.

ವೆಲ್ಡಾ ಪುಸ್ತಕ ಇಟ್ಟಳು. ಏನು ತಿಂದೆ, ಎಲ್ಲಿ ತಿಂದೆ, ಎಷ್ಟು ಬಂತು. ತನ್ನ ಮೈಯನ್ನೇ ತಾನು ಹೊಸದಾಗಿ ಓದಲು ಕೂತಳು. ಟ್ರಕ್ ಸ್ಟಾಪಿನಲ್ಲಿ ಗಟ್ಟಿ ಗ್ರೇವಿ ಸುರಿದುಕೊಡುವ ಮೆತ್ತನೆ ಬಿಸ್ಕತ್ತು ತಿಂದರೆ ಬೆರಳು ಚುಚ್ಚಿದ ಲೆಕ್ಕ ಇನ್ನೂರೆಂಬತ್ತು. ಎರಡು ಮೊಟ್ಟೆ, ಒಂದು ಹಿಡಿ ಕಾಳು ತಿಂದರೆ ನೂರೈವತ್ತು. ಬಕೆಟ್ಟಿನಷ್ಟು ದೊಡ್ಡ ಲೋಟದಲ್ಲಿ ಸೋಡಾ ಕುಡಿಯುವುದು ನಮ್ಮವರ ಅಭ್ಯಾಸ. ಅದನ್ನು ಬಿಟ್ಟ ಮೊದಲ ವಾರ ತಲೆನೋವಿನಿಂದ ಕಂಗೆಟ್ಟಳು. ಬಿಟ್ಟದ್ದನ್ನು ಮತ್ತೆ ಹಿಡಿಯಲಿಲ್ಲ. ಕ್ಯಾಬಿನ್ನಿನಲ್ಲಿ ಸಿಗರೇಟು ಹಚ್ಚುವ ಕರೆಂಟಿನ ತೂತಿಗೆ ಸಿಕ್ಕಿಸುವ ಒಂದು ಪುಟ್ಟ ಬೇಯಿಸುವ ಡಬ್ಬಿ ತಂದಳು. ಬೆಳಿಗ್ಗೆ ಅದರೊಳಗೆ ಕೋಳಿ ತುಂಡು, ಎಲೆಕೋಸು, ಡಬ್ಬದ ಕಾಳು ಹಾಕಿ ಮುಚ್ಚಿಟ್ಟರೆ ಇನ್ನೂರು ಮೈಲಿ ಹೋಗುವಷ್ಟರಲ್ಲಿ ಊಟ ತಯಾರು. ಕ್ಯಾಬಿನ್ ತುಂಬ ಎಲೆಕೋಸಿನ ವಾಸನೆ. ನಮ್ಮವರು ಮೂಗು ಮುಚ್ಚಿಕೊಂಡರು.

ದೊಡ್ಡ ಬದಲಾವಣೆ ಬಂದದ್ದು ನಡಿಗೆಯಿಂದ. ತಿಂದ ಮೇಲೆ ಹದಿನೈದು ನಿಮಿಷ ನಡೆದರೆ ಸಕ್ಕರೆ ಐವತ್ತು ಇಳಿಯುತ್ತಿತ್ತು. ಅದೇ ಊಟ ತಿಂದು ಸೀಟಿನಲ್ಲೇ ಕೂತರೆ ಏರುತ್ತಿತ್ತು. ಪುಸ್ತಕದಲ್ಲಿ ಅದು ಎದ್ದು ಕಾಣುತ್ತಿತ್ತು. ಟ್ರಕ್ಕಿನ ಸುತ್ತ ಮೂವತ್ತೆರಡು ಸುತ್ತು ಹಾಕಿದರೆ ಹತ್ತಿರ ಹತ್ತಿರ ಒಂದು ಮೈಲಿ. ಅವಳು ಮಂಡಿ ಹಿಡಿದುಕೊಂಡು ಸುತ್ತಲು ಶುರುಮಾಡಿದಳು. ಹಿಮದಲ್ಲೂ ಸುತ್ತಿದಳು. ತೂಕಕ್ಕೆಂದು ಎರಡೂ ಕೈಯಲ್ಲಿ ಒಂದೊಂದು ನೀರಿನ ಕ್ಯಾನು.

ಟ್ರಕ್ಕಿನವರು ತಮ್ಮತಮ್ಮಲ್ಲಿ ಮಾತಾಡುವ ರೇಡಿಯೋದಲ್ಲಿ ಗೇಲಿ ಶುರುವಾಯಿತು. ಟೈರ್ ಎಣಿಸ್ತಿದ್ದೀಯಾ ವೆಲ್ಡಾ, ಹದಿನೆಂಟೇ ಇರೋದು, ನಿನ್ನೆಯೂ ಅಷ್ಟೇ ಇತ್ತು ಎಂದು ಒಬ್ಬ. ಟ್ರಕ್ಕಿನ ಬಾಗಿಲು ಸಿಗ್ತಿಲ್ವಾ ಎಂದು ಇನ್ನೊಬ್ಬ. ಅವಳು ಮೈಕ್ ಎತ್ತಿ, ಈ ಹೊಟ್ಟೆಗೆ ನಿಮ್ಮ ಶವಪೆಟ್ಟಿಗೆ ಹೊರೋಕೆ ಹತ್ತು ಜನ ಬೇಕಾಗ್ತಾರೆ, ಅಷ್ಟು ಜನ ನಿಮಗೆ ಸ್ನೇಹಿತರಿದಾರಾ ಅಂತ ಮೊದಲು ಎಣಿಸಿಕೊಳ್ಳಿ ಎಂದಳು. ಆಮೇಲೆ ಗೇಲಿ ಸ್ವಲ್ಪ ತಗ್ಗಿತು.

ನಿದ್ದೆಯದ್ದು ಕಷ್ಟವಾಯಿತು. ಕಂಪನಿಯಲ್ಲಿ ಯಾರಿಗೆ ಯಾವ ಲೋಡ್ ಎಂದು ಹಂಚುವವನು ಕರ್ಟಿಸ್. ಒಂದು ವಾರ ಹಗಲು, ಒಂದು ವಾರ ರಾತ್ರಿ ಎಂದು ತಿರುಗಿಸುತ್ತಿದ್ದ. ಹಾಗೆ ತಿರುಗಿಸಿದರೆ ಮೈಗೆ ಯಾವುದು ಬೆಳಗು ಯಾವುದು ಸಂಜೆ ತಿಳಿಯುವುದಿಲ್ಲ. ಅವಳು ಕರ್ಟಿಸ್‌ನ ಮೇಜಿನ ಮುಂದೆ ನಿಂತು ಪರೀಕ್ಷೆ ಮುಗಿಯುವವರೆಗೆ ಹಗಲು ಮಾತ್ರ ಕೊಡು ಎಂದು ಕೇಳಿದಳು. ಅವನು ಚಿಕ್ಕವನಿದ್ದಾಗ ಶಾಲೆಯಲ್ಲಿ ಅವಳ ಕೈಯಿಂದಲೇ ಬಡಿಸಿಕೊಂಡು ತಿಂದವನು. ಅವಳು ಅವನನ್ನು ಈಗಲೂ ಮರಿ ಎಂದೇ ಕರೆಯುತ್ತಿದ್ದಳು. ಹಗಲಿನ ಓಟ ಒಂದೇ ಇದೆ, ನೆಬ್ರಾಸ್ಕದ ಗಡಿಯಾಚೆಯ ಮಾಂಸದ ಶೈತ್ಯಾಗಾರದ್ದು, ಬೇಕಾದರೆ ತಗೊಳ್ಳಿ ಎಂದ ಅವನು. ಅವಳು ತಗೊಂಡಳು. ನನಗೂ ಅದೇ ಓಟ.

ಆ ಜಾಗದ ಹೆಸರು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ಗೇಟಿನಲ್ಲಿ ಒಂದು ಫಲಕವಿದೆ. ಒಳಗಿನಿಂದ ಕರೆಯುವವರೆಗೆ ಚಾಲಕರು ಕ್ಯಾಬಿನ್ ಬಿಟ್ಟು ಇಳಿಯಕೂಡದು. ಒಳಗೆ ಹೋಗಿ ಸರಕು ತುಂಬುವ ಬಾಗಿಲಿಗೆ ಟ್ರೇಲರಿನ ಹಿಂಬದಿ ಹಚ್ಚಿ ನಿಲ್ಲಿಸಿದರೆ ಮುಗಿಯಿತು. ಐದು ಗಂಟೆ, ಏಳು ಗಂಟೆ, ಕೆಲವು ದಿನ ಒಂಬತ್ತು ಗಂಟೆ. ಅವರು ಲೋಡ್ ಮಾಡಿದಾಗ ಮಾಡಿದರು. ನಾವು ಕೂತಿರಬೇಕು. ಹಿಂದೆ ಒಬ್ಬ ಚಾಲಕ ಎರಡು ಟ್ರೇಲರಿನ ನಡುವೆ ಸಿಕ್ಕಿ ಸತ್ತಿದ್ದನಂತೆ, ಅದಕ್ಕೆ ಈ ನಿಯಮ. ಸರಿ. ಆದರೆ ಯಾರ್ಡಿನ ಬೇಲಿಗುಂಟ ಮುನ್ನೂರು ಹೆಜ್ಜೆ ಖಾಲಿ ಜಾಗ ಬಿದ್ದಿತ್ತು. ಅಲ್ಲಿ ಯಾವ ಟ್ರಕ್ಕೂ ಓಡಾಡುತ್ತಿರಲಿಲ್ಲ. ಒಂದು ಹಳದಿ ಗೆರೆ ಎಳೆದು ಇಲ್ಲಿ ನಡೆಯಬಹುದು ಎಂದಿದ್ದರೆ ಸಾಕಿತ್ತು. ವೆಲ್ಡಾ ಅದನ್ನು ಕೇಳಿಯೂ ನೋಡಿದಳು. ಕಾಗದ ಬರೆದು ಗೇಟಿನಲ್ಲಿ ಕೊಟ್ಟಳು. ಎರಡು ಸಲ. ಉತ್ತರ ಬರಲಿಲ್ಲ.

ಮೊದಲ ದಿನ ಊಟ ಮಾಡಿ ಇಳಿದು ನಡೆದಳು. ನಾಲ್ಕನೆಯ ಸುತ್ತಿನಲ್ಲಿ ಕಾವಲಿನ ಥರ್ಮನ್ ಸಣ್ಣ ಬ್ಯಾಟರಿ ಬಂಡಿಯಲ್ಲಿ ಬಂದು ಅವಳನ್ನು ನಿಲ್ಲಿಸಿದ. ಅವನೂ ಕೆಟ್ಟವನಲ್ಲ. ನಮ್ಮ ಹಾಗೇ ದಪ್ಪ, ನಮ್ಮ ಹಾಗೇ ಹೊಟ್ಟೆಪಾಡು. ಇನ್ನೊಮ್ಮೆ ನೆಲದ ಮೇಲೆ ನಿನ್ನ ಕಾಲು ಕಂಡರೆ ಒಳಗೆ ಬಿಡುವುದಿಲ್ಲ ಎಂದು ಹೇಳಬೇಕಾಗಿತ್ತು, ಹೇಳಿದ. ಅವಳು ಹತ್ತಿ ಕೂತಳು. ಅವತ್ತು ಪುಸ್ತಕದಲ್ಲಿ ಇನ್ನೂರ ಅರವತ್ತು. ಆಮೇಲೆ ವಾರಕ್ಕೆ ಮೂರು ದಿನ ಅಲ್ಲಿ ಕೂತಾಗಲೆಲ್ಲ ಇನ್ನೂರ ಐವತ್ತು, ಇನ್ನೂರ ಎಪ್ಪತ್ತು. ಹೊರಗೆ ಬೆವರು ಸುರಿಸಿ ಇಳಿಸಿದ್ದನ್ನು ಆ ಯಾರ್ಡು ತಿಂದುಹಾಕುತ್ತಿತ್ತು.

ಪರೀಕ್ಷೆಗೆ ಒಂದು ತಿಂಗಳು ಉಳಿದಿತ್ತು. ಮಧ್ಯಾಹ್ನ ಒಂದು ಗಂಟೆ. ನನ್ನ ಟ್ರಕ್ ಅವಳ ಪಕ್ಕದ ಬಾಗಿಲಿನಲ್ಲಿ. ನಾನು ಸಕ್ಕರೆ ಸವರಿದ ಡೋನಟ್ ತಿನ್ನುತ್ತಿದ್ದೆ. ವೆಲ್ಡಾ ಊಟ ಮುಗಿಸಿ ಬಾಗಿಲು ತೆಗೆದಳು. ಹಿಡಿಕೆ ಹಿಡಿದು ಮೆಟ್ಟಿಲು ಇಳಿದಳು. ಟ್ರಕ್ಕಿನ ಕೊನೆಯ ಮೆಟ್ಟಿಲು ನೆಲಕ್ಕಿಂತ ಒಂದೂವರೆ ಅಡಿ ಮೇಲಿರುತ್ತದೆ. ಅಲ್ಲಿಗೆ ನಿಂತಳು. ಮತ್ತೆ ಹತ್ತಿದಳು. ಮತ್ತೆ ಇಳಿದಳು. ಹತ್ತಿದಳು. ನೆಲ ಮುಟ್ಟಲೇ ಇಲ್ಲ.

ಥರ್ಮನ್ ಬಂದ. ಬಂಡಿಯಲ್ಲೇ ಕೂತು ನೋಡಿದ.

"ಏನ್ ಮಾಡ್ತಿದ್ದೀಯಮ್ಮ?"

"ಕ್ಯಾಬಿನ್ನಲ್ಲೇ ಇದ್ದೀನಿ. ಮೆಟ್ಟಿಲೂ ಕ್ಯಾಬಿನ್ನಿಂದೇ. ಕಾಲು ನೋಡು, ಎಲ್ಲಿದೆ?"

"ಹತ್ತಿ ಕೂತ್ಕೊಳಮ್ಮ. ಕ್ಯಾಮೆರಾ ಇದೆ. ನನಗೆ ಬೈತಾರೆ."

"ನೆಲಕ್ಕೆ ಕಾಲು ತಾಗಬಾರ್ದು ಅಂದೆ. ತಾಗ್ಲಿಲ್ಲ. ನೀನೂ ಇಳಿದು ಬಂಡಿ ಸುತ್ತ ನಾಲ್ಕು ಹೆಜ್ಜೆ ಹಾಕು ಥರ್ಮನ್. ನಿನ್ನ ಪಾದ ನೋಡಿದೀನಿ, ಊದಿದೆ."

ಅವನು ತನ್ನ ಬೂಟು ನೋಡಿಕೊಂಡ. ಫೋನ್ ಎತ್ತಿ ಫೋಟೋ ಹಿಡಿದು ಹೋದ. ಅವಳು ನಲವತ್ತು ನಿಮಿಷ ಹತ್ತಿ ಇಳಿದಳು. ಮುಖ ಕೆಂಪಾಗಿತ್ತು. ನಡುವೆ ಒಂದು ಸಲ ಮಂಡಿ ಕೈಕೊಟ್ಟು ಹಿಡಿಕೆಗೆ ಜೋತುಬಿದ್ದಳು. ಆಗಲೂ ಕಾಲು ಕೆಳಗೆ ಬಿಡಲಿಲ್ಲ. ಆ ಸಾಲಿನಲ್ಲಿ ಹದಿನಾಲ್ಕು ಟ್ರಕ್ಕಿತ್ತು. ಹದಿನಾಲ್ಕರಲ್ಲೂ ಚಾಲಕರಿದ್ದರು. ಒಬ್ಬರೂ ಬಾಗಿಲು ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ. ಡೋನಟ್ ಮುಗಿಸಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ನಡೆದದ್ದು ಹಾಗೆ.

ಶೈತ್ಯಾಗಾರದಿಂದ ಕಂಪನಿಗೆ ದೂರು ಬಂತು, ಫೋಟೋ ಸಮೇತ. ಮರುವಾರ ಶನಿವಾರ ಬೆಳಿಗ್ಗೆ ಸುರಕ್ಷತೆಯ ಸಭೆ. ಚಾಲಕರ ಕೋಣೆಯಲ್ಲಿ ನಲವತ್ತು ಜನ. ಬಾಗಿಲಲ್ಲಿ ಎಲ್ಲರಿಗೂ ಒಂದೊಂದು ಬಣ್ಣದ ಹಾಳೆ ಕೊಟ್ಟರು. ಹೆಚ್ಚು ನಡೆಯಿರಿ, ಹಣ್ಣು ತರಕಾರಿ ತಿನ್ನಿ, ಏಳು ಗಂಟೆ ನಿದ್ದೆ ಮಾಡಿ, ನಿಮ್ಮ ಆರೋಗ್ಯ ನಮ್ಮ ಹೆಮ್ಮೆ ಎಂದು ಅದರಲ್ಲಿತ್ತು. ಹಾಳೆಯ ಪಕ್ಕದ ಮೇಜಿನ ಮೇಲೆ ನಾಲ್ಕು ಪೆಟ್ಟಿಗೆ ಡೋನಟ್. ಕರ್ಟಿಸ್ ಗೋಡೆಯ ಮೇಲೆ ವೆಲ್ಡಾಳ ಫೋಟೋ ಹಾಕಿದ. ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ಗಾಳಿಯಲ್ಲಿ. ಜನ ನಕ್ಕರು. ಗಿರಾಕಿಯ ಅಂಗಳದಲ್ಲಿ ಹೀಗೆ ಮಾಡಬಾರದು, ಇದು ಮೊದಲ ಎಚ್ಚರಿಕೆ, ಇನ್ನೊಂದು ದೂರು ಬಂದರೆ ಯಾರೇ ಆಗಲಿ ಮನೆಗೆ ಎಂದ.

ವೆಲ್ಡಾ ನನ್ನ ಮುಂದಿನ ಸಾಲಿನಲ್ಲಿ ಕೂತಿದ್ದಳು. ಕತ್ತಿನ ಹಿಂದೆ ಕೆಂಪೇರಿತ್ತು. ಅವಳು ಬಾಯಿ ತೆರೆಯಲಿಲ್ಲ. ತೆರೆದರೆ ಕೆಲಸ ಹೋಗುತ್ತಿತ್ತು, ಕಾರ್ಡಿಗೆ ಇನ್ನೂ ಮೂರು ವಾರವಿತ್ತು. ಕೈಯಲ್ಲಿದ್ದ ಬಣ್ಣದ ಹಾಳೆಯನ್ನು ಮಡಿಸಿ ಮಡಿಸಿ ಬೆರಳ ಗಾತ್ರ ಮಾಡಿದ್ದಳು.

ನಾನು ಸಭೆಯಲ್ಲಿ ಮಾತಾಡಿದವನಲ್ಲ. ಎಂಟನೆಯ ತರಗತಿಗೆ ಶಾಲೆ ಬಿಟ್ಟವನು. ಎದ್ದು ನಿಂತದ್ದು ನನಗೇ ಗೊತ್ತಾಗಲಿಲ್ಲ.

"ಅವಳು ನಡೀತಿದ್ದಳು," ಎಂದೆ. "ನೀವು ಈ ಹಾಳೇಲಿ ಬರೆದಿದ್ದನ್ನೇ ಮಾಡ್ತಿದ್ದಳು. ನಾನು ಪಕ್ಕದಲ್ಲಿ ಕೂತು ತಿಂತಿದ್ದೆ. ನನ್ನ ಫೋಟೋ ಯಾಕೆ ಹಾಕಿಲ್ಲ?"

ಕರ್ಟಿಸ್ ಕೂತ್ಕೊಳಪ್ಪ ಎಂದ.

"ನನಗೆ ಸಕ್ಕರೆ ಇದೆ. ಹನ್ನೊಂದು ವರ್ಷದಿಂದ. ಎರಡು ದಿನ ನೀರು ಕುಡಿದು ಕಾರ್ಡ್ ತಗೋತೀನಿ. ಈ ಕೋಣೇಲಿ ಎಷ್ಟು ಜನ ಹಾಗೆ ತಗೋತಾರೆ ಅಂತ ನನಗೆ ಗೊತ್ತು. ನಾನು ಹೆಸರು ಹೇಳಲ್ಲ. ಅವಳು ಒಬ್ಬಳು ನಿಜವಾಗಿ ಇಳಿಸ್ತಿದಾಳೆ. ಅವಳಿಗೆ ಎಚ್ಚರಿಕೆ ಕೊಡ್ತೀರಿ, ನನಗೆ ಡೋನಟ್ ಕೊಡ್ತೀರಿ."

ಬಹಳ ಜನ ನೆಲ ನೋಡಿದರು. ನಾನು ಕೂತೆ.

ಸೋಮವಾರ ನನ್ನನ್ನು ರಕ್ತ ಪರೀಕ್ಷೆಗೆ ಕಳಿಸಿದರು. ಹನ್ನೆರಡು ದಾಟಿತ್ತು. ಕಾರ್ಡ್ ಹೋಯಿತು. ಈಗ ಅದೇ ಕಂಪನಿಯಲ್ಲಿ ಟ್ರೇಲರ್ ತೊಳೆಯುತ್ತೇನೆ. ಕಾರ್ಡ್ ಹೋದ ದಿನವೇ ವೆಲ್ಡಾ ಯಾರ್ಡಿನಲ್ಲಿ ನನ್ನ ಹತ್ತಿರ ಬಂದು, ಹಾಲಿಸ್ ಬದುಕಿದ್ದಾಗ ಇದನ್ನ ಹೇಳಬೇಕಿತ್ತು ಎಂದಳು. ಹೌದು ಎಂದೆ. ಸಂಜೆ ಐದಕ್ಕೆ ಊಟ ಮಾಡು, ಆರಕ್ಕೆ ಮೊದಲು ನಡಿ ಎಂದು ಹೇಳಿ ಹೋದಳು. ಅವಳು ಕ್ಷಮಿಸಿದ್ದು ಅಷ್ಟೇ.

ಕೊನೆಯ ಮೂರು ವಾರ ಅವಳು ಮೆಟ್ಟಿಲ ಮೇಲೂ ನಿಲ್ಲುವಂತಿರಲಿಲ್ಲ. ಕ್ಯಾಬಿನ್ನಿನಲ್ಲಿ ಸೀಟಿಗೂ ಅದರ ಹಿಂದೆ ಮಲಗುವ ಹಾಸಿಗೆಗೂ ನಡುವೆ ಎರಡು ಅಡಿ ಜಾಗವಿದೆ. ಅಲ್ಲಿ ಪರದೆ ಎಳೆದುಕೊಂಡು, ತಲೆ ತಗ್ಗಿಸಿ, ನಿಂತಲ್ಲೇ ಕಾಲೆತ್ತಿದಳಂತೆ. ಕಳ್ಳತನ ಮಾಡಿದ ಹಾಗೆ ನಡೆದೆ ಎಂದಳು.

ಪರೀಕ್ಷೆಯ ದಿನ ಬೆಳಿಗ್ಗೆ ಹತ್ತಕ್ಕೆ ನನ್ನ ಗಾಡಿಯಲ್ಲಿ ಸಲೈನಾಕ್ಕೆ ಕರೆದುಕೊಂಡು ಹೋದೆ. ಅವಳು ಮೊಟ್ಟೆ ತಿಂದೇ ಬಂದಿದ್ದಳು. ಏನೂ ಮುಚ್ಚಿಡಬಾರದೆಂದು. ಡಾಕ್ಟರಮ್ಮನ ಕೋಣೆಯ ಬಾಗಿಲು ಅರೆ ತೆರೆದಿತ್ತು, ನಾನು ಹೊರಗಿನ ಬೆಂಚಿನಲ್ಲಿ. ರಕ್ತದ ಲೆಕ್ಕ ಬಂತು. ಎಂಟು ದಶಾಂಶ ಒಂದು.

ಒಂದು ಕೂದಲೆಳೆ ಹೆಚ್ಚು. ಒಳಗೆ ಪುಸ್ತಕ ಮೇಜಿನ ಮೇಲೆ ಬಿದ್ದ ಸದ್ದು ಕೇಳಿಸಿತು.

"ಇದನ್ನ ಓದಿ," ಎಂದಳು ವೆಲ್ಡಾ. "ಓದಿ ಆಮೇಲೆ ಇಲ್ಲ ಅನ್ನಿ."

ಹಾಳೆ ತಿರುವುವ ಸದ್ದು ಬಹಳ ಹೊತ್ತು ಬಂತು. ಡಾಕ್ಟರಮ್ಮ ಕೇಳಿದರು, ಎಲ್ಲ ಕಡೆ ನೂರ ಮೂವತ್ತು, ನೂರ ನಲವತ್ತು ಇದೆ, ಮಂಗಳವಾರ, ಬುಧವಾರ, ಶುಕ್ರವಾರ ಮಾತ್ರ ಇನ್ನೂರೈವತ್ತರ ಮೇಲೆ, ಆ ದಿನ ಎಲ್ಲಿರುತ್ತೀರಿ ಎಂದು. ಊಟ ಅದೇ, ಮಾತ್ರೆ ಅದೇ, ಆ ದಿನ ನನ್ನನ್ನ ಕೂರಿಸಿರ್ತಾರೆ ಎಂದಳು ವೆಲ್ಡಾ. ಮೆಟ್ಟಿಲಿನ ಕತೆ ಹೇಳಿದಳು.

ಡಾಕ್ಟರಮ್ಮ ಆರು ತಿಂಗಳ ಕಾರ್ಡ್ ಕೊಟ್ಟರು. ಜೊತೆಗೊಂದು ಪತ್ರ. ಈ ಚಾಲಕಿಯನ್ನು ಎರಡು ಗಂಟೆಗಿಂತ ಹೆಚ್ಚು ಕೂರಿಸಕೂಡದು, ಊಟದ ಮೇಲೆ ನಡೆಯಲು ಬಿಡತಕ್ಕದ್ದು ಎಂದು.

ಅಲ್ಲಿಂದ ನೇರ ಕಂಪನಿಗೆ ಹೋದೆವು. ಅವಳು ಕಾರ್ಡನ್ನೂ ಪತ್ರವನ್ನೂ ಕರ್ಟಿಸ್‌ನ ಮುಂದಿಟ್ಟಳು. ಅವನು ಓದಿದ. ಅಭಿನಂದನೆ ಎಂದ. ಗಿರಾಕಿಯ ಅಂಗಳದಲ್ಲಿ ನಮ್ಮ ಡಾಕ್ಟರ ಮಾತು ನಡೆಯುವುದಿಲ್ಲ, ನಾನು ಏನೂ ಮಾಡಲಾರೆ, ಮಂಗಳವಾರದ ಲೋಡ್ ಎಂದಿನಂತೆ ಅಲ್ಲಿಗೇ ಎಂದು ಹೇಳಿ ಪತ್ರವನ್ನು ಡ್ರಾಯರಿಗೆ ಹಾಕಿದ.

"ಬೇರೆ ಎಲ್ಲಿಗಾದ್ರೂ ಕೊಡು ಮರಿ. ರಾತ್ರಿ ಆದ್ರೂ ಪರವಾಗಿಲ್ಲ, ಒಂದೇ ಹೊತ್ತಿಂದು ಕೊಡು."

"ಇಲ್ಲ, ವೆಲ್ಡಾ. ಇದ್ದಿದ್ದು ಇದೊಂದೇ."

"ಪತ್ರ ವಾಪಸ್ ಕೊಡು."

ಅವನು ತೆಗೆದುಕೊಟ್ಟ. ಅವಳು ಟ್ರಕ್ಕಿನ ಕೀಲಿಗೊಂಚಲನ್ನು ಅದೇ ಡ್ರಾಯರಿನೊಳಕ್ಕೆ ಹಾಕಿ, ಕೈಯಿಂದ ತಾನೇ ಮುಚ್ಚಿದಳು.

"ಈ ಕಾರ್ಡ್ ನಾನು ಮೈ ಮುರಿದು ತಗೊಂಡಿದ್ದು ಕರ್ಟಿಸ್. ನಿನ್ನ ಗಿರಾಕಿ ಅಂಗಳದಲ್ಲಿ ಕೂತು ಕಳ್ಕೊಳ್ಳೋಕಲ್ಲ."

ಹೊರಗೆ ಬಂದು ತನ್ನ ಟ್ರಕ್ಕಿನಿಂದ ಬೇಯಿಸುವ ಡಬ್ಬಿ, ಹೊದಿಕೆ, ನೀರಿನ ಕ್ಯಾನು ಇಳಿಸಿದಳು. ನಾನು ಹೊತ್ತೆ. ಇಪ್ಪತ್ತೊಂದು ವರ್ಷ ಎಂದು ಒಂದು ಸಲ ಹೇಳಿದಳು, ಅಷ್ಟೇ.

ಈಗ ರೈತರ ಸಹಕಾರಿಯಲ್ಲಿ ಕಾಳಿನ ಟ್ರಕ್ ಓಡಿಸುತ್ತಾಳೆ. ಹತ್ತಿರದ ಓಟ, ಕಡಿಮೆ ಮೈಲಿ, ದೂರದ ಹೆದ್ದಾರಿ ತಪ್ಪಿಹೋಯಿತು. ಅದು ಅವಳಿಗೆ ನೋವೇ. ಅಲ್ಲಿ ಪ್ರತಿ ಲೋಡಿಗೂ ಇಳಿಯಬೇಕು, ಟಾರ್ಪಾಲು ಬಿಚ್ಚಬೇಕು, ಟ್ರೇಲರ್ ಗುಡಿಸಬೇಕು. ಯಾರೂ ತಡೆಯುವುದಿಲ್ಲ. ಆರು ತಿಂಗಳ ಬಳಿಕ ಏಳು ದಶಾಂಶ ಎರಡು ಬಂತು. ಒಂದು ವರ್ಷದ ಕಾರ್ಡ್ ಸಿಕ್ಕಿತು. ನನ್ನದು ಇನ್ನೂ ಒಂಬತ್ತರಲ್ಲಿದೆ. ಇಳಿಯುತ್ತಿದೆ. ಅವಳು ವಾರಕ್ಕೊಮ್ಮೆ ಫೋನ್ ಮಾಡಿ ಲೆಕ್ಕ ಕೇಳುತ್ತಾಳೆ, ಬೈಯುತ್ತಾಳೆ.

ಶೈತ್ಯಾಗಾರದ ಗೇಟಿನಲ್ಲಿ ಫಲಕ ಹಾಗೇ ಇದೆ. ಬೇಲಿಗುಂಟ ಜಾಗ ಹಾಗೇ ಖಾಲಿ ಬಿದ್ದಿದೆ. ವೆಲ್ಡಾಳ ಓಟಕ್ಕೆ ಕರ್ಟಿಸ್ ಬೇರೆಯವನನ್ನು ಹಾಕಿದ್ದಾನೆ. ಮೂವತ್ತೈದರವನು, ಆಗಲೇ ಸ್ಟಿಯರಿಂಗಿಗೆ ಹೊಟ್ಟೆ ತಾಗುತ್ತದೆ. ಅವನು ತಂದು ನಿಲ್ಲಿಸುವ ಟ್ರೇಲರ್ ತೊಳೆಯುವವನು ನಾನು. ಒಂಬತ್ತು ಗಂಟೆ ಕೂರಿಸಿದರೂ ಕೂತಿರುತ್ತಾನಂತೆ, ಬಾಗಿಲು ಸಹ ತೆಗೆಯುವುದಿಲ್ಲವಂತೆ. ಅವನ ಮೇಲೆ ಇದುವರೆಗೆ ಒಂದೂ ದೂರು ಬಂದಿಲ್ಲ ಎಂದು ಕರ್ಟಿಸ್ ಮೊನ್ನೆ ಸಭೆಯಲ್ಲಿ ಹೊಗಳಿದ.